ಹಣಮಪ್ಪನ ಕಟ್ಟೆಯೂ ಅರಿಷಿಣದ ಗೋದಾಮೂ

ಕಾಡವ್ವನಿಗೆ ಸುಮನ ಹುಟ್ಟಿದ್ದು ಅರಿಷಿಣ ಕುದಿಸುವ ದಿನಗಳಲ್ಲಿ. ಹೊಟ್ಟೆ ನೋವು ಕಾಣಿಸಿಕೊಂಡಾಗ ಅವಳು ಹೊಲದಲ್ಲಿ ಕೊಪ್ಪರಿಗೆಯ ಮುಂದೆ ನಿಂತಿದ್ದಳು. ಕೈ ತೊಳೆದುಕೊಳ್ಳಲಿಕ್ಕೂ ಪುರಸೊತ್ತು ಸಿಗಲಿಲ್ಲ. ಹಸುಗೂಸನ್ನು ಹಳದಿ ಕೈಯಲ್ಲೇ ಎತ್ತಿಕೊಂಡದ್ದನ್ನು ನೋಡಿ ಸೂಲಗಿತ್ತಿ ಉದ್ದವ್ವ, ಇವಳಿಗೆ ಮದುವೆಯ ಅರಿಷಿಣ ಈಗಲೇ ಹಚ್ಚಿ ಮುಗಿಸಿದೆಯಲ್ಲ ಎಂದು ನಗಾಡಿದ್ದಳು. ಮದುವೆಯ ಮಾತು ಹಾಗಿರಲಿ, ಆ ಹುಡುಗಿಯ ಬದುಕಿಗೆ ಅರಿಷಿಣ ಅಂಟಿಕೊಂಡದ್ದಂತೂ ನಿಜವಾಯಿತು.

ಬೆಣಚಿನಹಟ್ಟಿ ಘಟಪ್ರಭೆಯ ದಂಡೆಯ ಊರು. ಗೋಕಾಕಕ್ಕೆ ಹೋಗಬೇಕೆಂದರೂ ಮೂಡಲಗಿಗೆ ಹೋಗಬೇಕೆಂದರೂ ಕುಲಗೋಡದಿಂದ ಬರುವ ಬಸ್ಸಿನ ದಾರಿ ಕಾಯಬೇಕು. ಹೊಳೆಯ ಬಾಜೂ ಕರಿಯ ಎರೆಮಣ್ಣು, ಅಲ್ಲಿ ಕಬ್ಬು, ಅರಿಷಿಣ. ಮೇಲಕ್ಕೆ ಹೋದಂತೆ ಕಲ್ಲು ಕಲ್ಲಿನ ಮಡ್ಡಿ, ಅಲ್ಲಿ ಕುರಿ ಮೇಯುತ್ತವೆ. ಕಾಡವ್ವ ಮತ್ತು ಅವಳ ಗಂಡ ಸತ್ಯಪ್ಪನ ಮನೆ ಕೊನೆಯ ಓಣಿಯಲ್ಲಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸುಮನಳ ಸಾಲಿಯ ಚೀಲ ತೂಗುಹಾಕುವ ಮೊಳೆ. ಸತ್ಯಪ್ಪ ಕಬ್ಬು ಕಡಿಯುವ ಗ್ಯಾಂಗಿನ ಆಳು. ತಾನು ಓದಲಿಲ್ಲವೆಂದು ಅವನು ಯಾರ ಮುಂದೆಯೂ ಅಳಲಿಲ್ಲ. ಮಗಳು ಓದುವಾಗ ಮಾತ್ರ ಮನೆಯಲ್ಲಿ ಯಾರಿಗೂ ಗಟ್ಟಿಯಾಗಿ ಮಾತಾಡಗೊಡುತ್ತಿರಲಿಲ್ಲ.

ಸುಮನ ಕುಲಗೋಡದಲ್ಲಿ ಹೈಸ್ಕೂಲು ಮುಗಿಸಿ, ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿದಳು. ಹಾಸ್ಟೆಲಿಗೆ ತಾಯಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದರೆ ಕೋಣೆಯ ಹುಡುಗಿಯರೆಲ್ಲ ಅದರ ಮೇಲೆ ಬೀಳುತ್ತಿದ್ದರಂತೆ. ಓದು ಮುಗಿದ ಮೇಲೆ ಬೆಳಗಾವಿಯಲ್ಲಿ ನೌಕರಿ ಸಿಕ್ಕಿತು. ವಿಮೆ ಮಾಡಿಸಿದ ಗೋದಾಮುಗಳನ್ನು ನೋಡಿ ಬಂದು, ಇದು ಗಟ್ಟಿ, ಇದು ಪೊಳ್ಳು ಎಂದು ಹೇಳುವ ಕೆಲಸ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಹೊಳೆ ಬಂತಲ್ಲ, ಆಗ ಅವಳನ್ನು ಮುಳುಗಿದ ಗೋದಾಮುಗಳ ಮುಂದೆ ನಿಲ್ಲಿಸಿದರು. ಒಂದು ಊರಿನಲ್ಲಿ ಬಾಗಿಲು ತೆಗೆದಾಗ ನೆನೆದು ಹುಳಿತ ಅರಿಷಿಣದ ವಾಸನೆ ಮುಖಕ್ಕೆ ಹೊಡೆಯಿತು. ತಾಯಿಯ ಕೈಯ ವಾಸನೆಯೇ ಕೊಳೆತಂತೆ ಅನ್ನಿಸಿತು ಅವಳಿಗೆ. ಆ ಗೋದಾಮು ನಡೆಸುತ್ತಿದ್ದ ಸಂಘದ ನಿರ್ದೇಶಕನೊಬ್ಬ, ವಯಸ್ಸಾದವನು, ಹೊರಗೆ ಕಲ್ಲಿನ ಮೇಲೆ ಕುಳಿತಿದ್ದ. "ಯಾರೂ ನಮಗ ಮೊದಲ ಹೇಳಲಿಲ್ಲ ಬಾಯಾರ," ಎಂದ. ಅಷ್ಟೇ ಮಾತು. ಅದು ಸುಮನಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಮುಳುಗಿದ ಮೇಲೆ ಬಂದು ಬರೆದುಕೊಂಡು ಹೋಗುವ ನೌಕರಿ ಅವಳಿಗೆ ಆಮೇಲೆ ರುಚಿಸಲಿಲ್ಲ.

ಅದೇ ಹೊತ್ತಿನಲ್ಲಿ ಬೆಣಚಿನಹಟ್ಟಿಯ ಸುತ್ತಿನ ರೈತರು ಕೂಡಿ ಅರಿಷಿಣ ಬೆಳೆಗಾರರ ಕಂಪನಿ ಕಟ್ಟಿದರು. ದಲಾಲರ ಕೈಗೆ ಕೊಡುವ ಬದಲು ತಾವೇ ಒಟ್ಟಿಗೆ ಮಾರುವುದು ಅವರ ವಿಚಾರ. ಕಂಪನಿ ಎಂದ ಮೇಲೆ ನಿರ್ದೇಶಕರು ಬೇಕು, ಅಧ್ಯಕ್ಷರು ಬೇಕು, ವ್ಯವಹಾರ ನೋಡುವ ಮ್ಯಾನೇಜರ್ ಬೇಕು. ಅಧ್ಯಕ್ಷರಾದವರು ಶಿವಾನಂದ ಸಾವ್ಕಾರರು. ಕಾಡವ್ವ ಕೊಪ್ಪರಿಗೆ ಕಾಯುತ್ತಿದ್ದದ್ದು ಇವರ ಹೊಲದಲ್ಲೇ. ಮ್ಯಾನೇಜರ್ ಯಾರಾಗಬೇಕೆಂಬ ಮಾತು ಬಂದಾಗ ಕೆಲವರು ಕಣ್ಣು ಕಣ್ಣು ನೋಡಿಕೊಂಡರು. ಸಾವ್ಕಾರರು, ನಮ್ಮೂರ ಹುಡುಗಿ ಕಲಿತು ಕೂತಾಗ ಬೇರೆ ಊರಿನವರನ್ನು ಹುಡುಕುವುದು ಯಾಕೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸುಮನ ಬೆಳಗಾವಿ ಬಿಟ್ಟು ಊರಿಗೆ ಬಂದಳು.

ನಿರ್ದೇಶಕರಲ್ಲಿ ನಾಲ್ಕು ಮಂದಿಯ ಮಾತೇ ನಡೆಯುವ ಮಾತು. ಸಾವ್ಕಾರರು ಒಬ್ಬರು. ಬಸ್ ಡ್ರೈವರಾಗಿ ದುಡಿದು ನಿವೃತ್ತಿಯಾದ ಸಿದ್ರಾಯ ಒಬ್ಬ. ಗೊಬ್ಬರದ ಅಂಗಡಿಯ ದುರ್ಗೇಶ ಒಬ್ಬ. ಹೆಣ್ಣುಮಕ್ಕಳ ಸಂಘದ ಕಡೆಯಿಂದ ಶೆಟ್ಟೆವ್ವ. ಹಲ್ಲು ಹೋಗಿದ್ದರೂ ನಾಲಿಗೆ ಹರಿತವಾಗಿಯೇ ಇದ್ದ ಮುದುಕಿ. ಎಲ್ಲರೂ ಒಳ್ಳೆಯವರೇ. ಆದರೆ ನಿರ್ದೇಶಕನೆಂದರೆ ಹಾರ ಹಾಕಿಸಿಕೊಂಡು, ಕುರ್ಚಿಯಲ್ಲಿ ಕುಳಿತು, ಚಹಾ ಕುಡಿದು ಸಹಿ ಮಾಡುವವನು ಎಂದೇ ಅವರ ತಿಳುವಳಿಕೆ. ಹತ್ತು ಊರಿನವರು ತಮ್ಮ ಬೆಳೆಯನ್ನು ನಂಬಿ ಇಟ್ಟಿದ್ದಾರೆ, ನಾಳೆ ಬರುವ ಕೆಡುಕನ್ನು ಇವತ್ತೇ ನೋಡುವುದು ಆ ಕುರ್ಚಿಯ ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ದೊಡ್ಡ ಕೆಲಸವೆಂದು ಗೋದಾಮು ಕಟ್ಟುವ ವಿಚಾರ ಬಂತು. ಸಾವ್ಕಾರರು ಎದ್ದು ನಿಂತು, ಹೊಳೆಯ ಕಡೆಗಿನ ತಮ್ಮ ಜಾಗವನ್ನು ತಂದೆಯ ಹೆಸರಿನಲ್ಲಿ ದಾನ ಕೊಡುತ್ತೇನೆಂದರು. ಡಾಂಬರು ರಸ್ತೆಗೆ ಹತ್ತಿದ ಚೊಕ್ಕ ಜಾಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಮನಳೂ ತಟ್ಟಿದಳು. ತಟ್ಟಿದ ಕೈ ಹಾಗೇ ನಿಂತಿತು. ಆ ಜಾಗ ಹಣಮಪ್ಪನ ಕಟ್ಟೆಗೆ ಹತ್ತಿಯೇ ಮೇಲಕ್ಕಿತ್ತು.

ಹಣಮಪ್ಪ ಬೆಣಚಿನಹಟ್ಟಿಯ ಹೊಳೆ ಕಾಯುವ ದೇವರು. ಗುಡಿ ಇಲ್ಲ, ಕಲ್ಲಿನ ಕಟ್ಟೆ, ಅದರ ಮೇಲೊಂದು ಮೂರ್ತಿ, ಅಷ್ಟೇ. ಹೊಳೆ ಎಷ್ಟೇ ಬರಲಿ, ನೀರು ಹಣಮಪ್ಪನ ಕಟ್ಟೆ ದಾಟುವುದಿಲ್ಲ ಎಂಬುದು ಊರಿನ ಮಾತು. ಅಜ್ಜಂದಿರು ಹೇಳಿದ್ದು, ಅಪ್ಪಂದಿರು ಹೇಳಿದ್ದು. ಆ ಊರಲ್ಲಿ ಹೊಲ ಕೊಳ್ಳುವವನೂ ಮನೆ ಕಟ್ಟುವವನೂ ಮೊದಲು ನೋಡುವುದು ಕಟ್ಟೆಯ ಮೇಲೋ ಕೆಳಗೋ ಎಂದು.

ಮುಂದಿನ ಸಭೆಗೆ ಸುಮನ ತಯಾರಾಗಿಯೇ ಬಂದಳು. ಗೋಡೆಗೆ ಬಿಳಿ ಪರದೆ ಕಟ್ಟಿ, ಕಂಪ್ಯೂಟರಿನಿಂದ ಬಣ್ಣದ ನಕಾಶೆ ಬಿಟ್ಟಳು. ಮೊದಲು ತಿಂಗಳುಗಟ್ಟಲೆ ಹಂಚಿಕೊಂಡು ಬರುತ್ತಿದ್ದ ಮಳೆ ಈಗ ಹೇಗೆ ಒಮ್ಮೆಲೇ ಸುರಿದು ಹೋಗುತ್ತದೆ, ಘಟ್ಟದಲ್ಲಿ ಸುರಿದದ್ದನ್ನು ಅಣೆಕಟ್ಟು ಹಿಡಿಯುವಷ್ಟು ಹಿಡಿದು ಉಳಿದದ್ದನ್ನು ಹೇಗೆ ಬಿಡಲೇಬೇಕಾಗುತ್ತದೆ, ಹಿಂದೆ ಬಂದ ನೀರನ್ನು ನೋಡಿ ಮುಂದೆ ಬರುವ ನೀರನ್ನು ಅಳೆಯಲಾಗದು ಎಂದೆಲ್ಲ ಹೇಳಿದಳು. ಗೋದಾಮಿನ ಜಾಗದ ಮೇಲೆ ನೀಲಿ ಬಣ್ಣ ಹರಡಿತ್ತು. ಸಿದ್ರಾಯ ಕಣ್ಣು ಮುಚ್ಚಿ ನಿದ್ದೆಗೆ ಇಳಿದಿದ್ದ. ದುರ್ಗೇಶ, ಆ ನೀಲಿ ಬಣ್ಣ ತನ್ನ ಅಂಗಡಿಯ ಮೇಲೂ ಬಿದ್ದಿದೆಯಲ್ಲ, ಇವತ್ತೇ ದೋಣಿ ಕೊಳ್ಳಲೇನು ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಸಾವ್ಕಾರರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ತಂಗಿ, ನಿನ್ನ ಓದಿನ ಬಗ್ಗೆ ನನಗ ಅಭಿಮಾನ ಐತಿ. ಆದ್ರ ಈ ನಕಾಶೆ ಮಾಡಿದಾಂವ ನಮ್ಮ ಹೊಳ್ಯಾಗ ಕಾಲ ತೊಳದಿಲ್ಲ. ನೀರು ಹಣಮಪ್ಪನ ಕಟ್ಟಿ ದಾಟೂದಿಲ್ಲ," ಎಂದರು. ಮುಂದಿನ ಹುಣ್ಣಿಮೆಗೆ ಬುನಾದಿ ಪೂಜೆ ಎಂದು ಠರಾವಾಯಿತು. ಜಾಗಕ್ಕೆ ಗೂಟ ಬಡಿದರು.

ಸುಮನ ಮನೆಗೆ ಬಂದು ಊಟ ಬೇಡವೆಂದಳು. ಅವಳ ಕಣ್ಣ ಮುಂದೆ ಇದ್ದದ್ದು ಸಾವ್ಕಾರರ ಒಂದು ಜಾಗವಲ್ಲ. ಕೌಜಲಗಿಯ ತನಕ ಹರಡಿದ್ದ ಬೆಳೆಗಾರರ ವರ್ಷದ ದುಡಿಮೆ ಒಂದೇ ಮಾಡಿನ ಕೆಳಗೆ ಬಂದು ಬೀಳಲಿತ್ತು. ಅದು ಒಮ್ಮೆ ನೆನೆದರೆ ಕಂಪನಿಯೂ ಹೋಯಿತು, ಅದನ್ನು ನಂಬಿದವರೂ ಹೋದರು. ಮೊದಲೇ ಹೇಳಬೇಕೆಂದು ಬಂದವಳು ಅವಳು, ಹೇಳಿಯೂ ಆಗಿತ್ತು, ಆದರೆ ಕೇಳಿಸಲಿಲ್ಲ. ಹೇಳುವುದು ಬೇರೆ, ಕೇಳಿಸುವುದು ಬೇರೆ ಎಂದು ಅವಳಿಗೆ ಅವತ್ತು ಗೊತ್ತಾಯಿತು.

ಕಾಡವ್ವ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿಸಿಕೊಂಡಳು. ಮಗಳನ್ನು ನಗಿಸಬೇಕೆಂದೇ, "ದಾಟೂದಿಲ್ಲ ಅಂದ್ರ ಹ್ಯಾಂಗ ದಾಟತೈತಿ ಸುಮಿ? ನೀರು ಬಂದಂಗ ಅವರು ಹಣಮಪ್ಪನ್ನ ಎತ್ತಿ ಮ್ಯಾಲಿಡ್ತಾರ. ಅವರ ದೇವರು ನಮ್ಮ ಆಡಿಗಿಂತ ಚೊಲೋ ಗುಡ್ಡ ಏರತಾನ," ಎಂದಳು.

ಸುಮನ ನಗಲಿಲ್ಲ. ಎದ್ದು ಕುಳಿತಳು.

ಆ ಊರಿನ ಪದ್ಧತಿಯೇ ಹಾಗಿತ್ತು. ಹೊಳೆ ಬಂದು ಕಟ್ಟೆಯನ್ನು ಮುಟ್ಟಿದರೆ, ಹಣಮಪ್ಪ ಕಾಲು ತೊಳೆದುಕೊಂಡ ಎನ್ನುತ್ತಿದ್ದರು. ಕಾಲು ತೊಳೆದ ದೇವರನ್ನು ಒದ್ದೆಯಲ್ಲಿ ನಿಲ್ಲಿಸಬಾರದು. ನೀರು ಇಳಿದ ಮೇಲೆ ಹಲಗಿ ಬಾರಿಸಿಕೊಂಡು ಹೋಗಿ, ಮೂರ್ತಿಯನ್ನು ಹೆಗಲ ಮೇಲೆ ಹೊತ್ತು, ನೀರು ನಿಂತ ಗುರುತಿನ ಮೇಲಕ್ಕೆ ತಂದು ಇಡುತ್ತಿದ್ದರು. ಮನೆಗೊಂದು ಕಲ್ಲು ತಂದು ಹೊಸ ಕಟ್ಟೆ ಕಟ್ಟುತ್ತಿದ್ದರು. ಹೊಸ ಕಟ್ಟೆಗೂ ಹಣಮಪ್ಪನ ಕಟ್ಟೆ ಎಂದೇ ಹೆಸರು. ಹಳೆಯ ಕಲ್ಲುಗಳು ಹೊಳೆಯ ಪಾಲು. ಹೀಗೆ ಮಾಡಿದ್ದನ್ನು ಯಾರೂ ದೇವರು ಸೋತ ಎಂದುಕೊಳ್ಳುತ್ತಿರಲಿಲ್ಲ. ಹಣಮಪ್ಪ ಒಂದು ಹೆಜ್ಜೆ ಸರಿದ, ಅಷ್ಟೇ. ನೀರು ಕಟ್ಟೆ ದಾಟುವುದಿಲ್ಲವೆಂಬ ಮಾತು ಆದ್ದರಿಂದಲೇ ಯಾವಾಗಲೂ ಖರೆಯಾಗಿ ಉಳಿಯಿತು. ಊರಿನವರೆಲ್ಲರಿಗೂ ಇದು ಗೊತ್ತು. ಗೊತ್ತಿದ್ದೂ ಆ ಎರಡು ಮಾತುಗಳನ್ನು ಯಾರೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಪರದೆ ಕಟ್ಟಿಕೊಂಡು ನಿಂತ ಸುಮನಳೂ ನೋಡಿರಲಿಲ್ಲ.

ಆದರೆ ಇದನ್ನು ಸಭೆಯಲ್ಲಿ ಎತ್ತುವುದು ಹೇಗೆ? ಬುದ್ಧನ ಪಟ ಇಟ್ಟುಕೊಂಡ ಮನೆಯ ಹುಡುಗಿ ನಮ್ಮ ಹಣಮಪ್ಪನನ್ನು ಹಳಿಯುತ್ತಾಳೆ ಎಂದು ಒಬ್ಬ ಅಂದರೆ ಸಾಕು, ಅಲ್ಲಿಗೆ ಅವಳ ಮಾತು ಮುಗಿಯಿತು, ನೌಕರಿಯೂ ಮುಗಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುಮನ ಶೆಟ್ಟೆವ್ವನ ಮನೆಗೆ ಹೋಗಿ ಕುಳಿತು, ಎದೆಯಲ್ಲಿದ್ದದ್ದನ್ನೆಲ್ಲ ಹೇಳಿದಳು.

ಮುದುಕಿ ಬಾಯೊಳಗಿನ ಎಲೆ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡಳು. "ದೇವರ ಸುದ್ದಿ ನೀ ಹೇಳಬ್ಯಾಡ," ಎಂದಳು. "ಅದು ಅವರ ಬಾಯಿಂದನ ಬರಬೇಕು. ನೀ ಬರೇ ಕೇಳು. ಗಂಡಸರಿಗೆ ತಾವು ಮಾಡಿದ್ದ ಹೇಳೂದಂದ್ರ ಹೋಳಿಗಿ ಇದ್ದಂಗ."

ಹುಣ್ಣಿಮೆಗೆ ಇನ್ನೂ ಹೊತ್ತಿತ್ತು. ಮುಂದಿನ ಸಭೆಯನ್ನು ಗೂಟ ಬಡಿದ ಜಾಗದಲ್ಲೇ ಮಾಡೋಣ, ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ನೋಡೋಣ ಎಂದು ಸುಮನ ಎಲ್ಲರಿಗೂ ಹೇಳಿಕಳಿಸಿದಳು. ಬೆಳಗಿನ ಹೊತ್ತು ಎಲ್ಲರೂ ಬಂದರು. ಸಾವ್ಕಾರರ ಮನೆಯಿಂದ ಚಹಾದ ಕಿಟ್ಲಿಯೂ ಬಂತು.

ಹಣಮಪ್ಪನಿಗೆ ಕೈಮುಗಿದು ನಿಂತಿದ್ದ ಸಿದ್ರಾಯನನ್ನು ಅವಳು ಮೆಲ್ಲಗೆ ಕೇಳಿದಳು: "ಕಾಕಾರ, ನೀವೂ ಒಂದ್ಸಲ ಹಣಮಪ್ಪನ್ನ ಹೊತ್ತಿದ್ರಂತ, ಹೌದ್ರಿ?"

ಶೆಟ್ಟೆವ್ವ ಹೇಳಿದ್ದು ಸುಳ್ಳಾಗಲಿಲ್ಲ. ಸಿದ್ರಾಯನ ಮುಖ ಅರಳಿತು. ಬಸ್ಸು ಗೋಕಾಕದಲ್ಲೇ ನಿಂತು ಹೋದದ್ದು, ತಾನು ಖಾಕಿ ಅಂಗಿಯಲ್ಲೇ ನಡೆದು ಊರು ಮುಟ್ಟಿದ್ದು, ನಾಲ್ವರು ಹೊರುವ ದೇವರನ್ನು ಇಬ್ಬರೇ ಹೊತ್ತದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದ. ಹೊತ್ತು ತಂದು ಇಟ್ಟದ್ದು ಎಲ್ಲಿ ಎಂದು ಅವಳು ಕೇಳಿದಳು. ಅಗೋ ಅಲ್ಲಿ, ಜಾಲಿಗಿಡದ ಬುಡದಲ್ಲಿ ಎಂದು ಅವನು ಕೆಳಗೆ ಬೊಟ್ಟು ಮಾಡಿದ. ಒಮ್ಮೆ ಹೋಗಿ ನಿಂತು ತೋರಿಸಿರಿ ಎಂದಳು. ಸಿದ್ರಾಯ ಧೋತರ ಎತ್ತಿ ಕಟ್ಟಿ, ಇಳಿಜಾರಿನಲ್ಲಿ ಇಳಿಯುತ್ತಾ ಹೋಗಿ ಜಾಲಿಗಿಡದ ಹತ್ತಿರ ನಿಂತ. ಅಲ್ಲಿ ನಿಂತವನು ಸಣ್ಣ ಹುಡುಗನ ಹಾಗೆ ಕಾಣುತ್ತಿದ್ದ.

ದುರ್ಗೇಶನಿಗೆ ಅನುಮಾನ ಬಂತು. ಬಾಗಿಲಿನ ದಿಕ್ಕು ನೋಡಲಿಕ್ಕೆ ಬಂದವರಿಗೆ ದೇವರ ಪುರಾಣ ಯಾಕೆ ಎಂದ. ಅಷ್ಟಕ್ಕೆ ಬಿಡಲಿಲ್ಲ. "ಅಲ್ಲಾ, ನಮ್ಮ ಹಣಮಪ್ಪನ ಉಸಾಬರಿ ನಿಮಗ್ಯಾಕ್ರಿ ಬಾಯಾರ? ನಿಮ್ಮ ದೇವರ ಬ್ಯಾರೆ ಅಲ್ಲ?"

ಉತ್ತರ ಕೊಟ್ಟವಳು ಶೆಟ್ಟೆವ್ವ. "ಹೋದ ಸಲ ಕಟ್ಟಿ ಕಟ್ಟುವಾಗ ಆಕಿ ಮನಿ ಕಲ್ಲೂ ಬಂದೈತಿ, ದುರ್ಗ್ಯಾ. ಅದಕ್ಕಿಂತ ಮೊದಲ ಅವರ ಓಣಿ ಕಲ್ಲ ನಾವು ತಗೊಂತಿದ್ದಿಲ್ಲ. ತಗೊಂಡೇವಿ ಅಂದಮ್ಯಾಲ ಮಾತೂ ತಗೋಬೇಕು."

ಅಷ್ಟು ಹೇಳಿ ಮುದುಕಿ ಯಾರನ್ನೂ ಕೇಳದೆ ಸೀರೆಯ ನಿರಿಗೆ ಸಿಕ್ಕಿಸಿಕೊಂಡು ಇಳಿಯತೊಡಗಿದಳು. ಸಿದ್ರಾಯನನ್ನು ದಾಟಿದಳು. ಪಂಪ್‌ಸೆಟ್ಟಿನ ಪೈಪು ದಾಟಿದಳು. ನೀರಿನ ಅಂಚಿನಲ್ಲಿ, ಹಸಿ ಕೆಸರಿನಲ್ಲಿ, ಅರ್ಧ ಹುಗಿದ ಎರಡು ಚಪ್ಪಡಿ ಕಲ್ಲುಗಳ ಬಾಜೂ ನಿಂತು, ತಾನು ಹೊಸ ಸೊಸೆಯಾಗಿ ಬಂದಾಗ ಆರತಿ ಬೆಳಗಿದ ಕಟ್ಟೆ ಇದೇ ಎಂದು ಕೂಗಿ ಹೇಳಿದಳು. ಆಗ ಹೊಳೆಯು ಕಟ್ಟೆಯಿಂದ ಎಷ್ಟು ದೂರವಿತ್ತೆಂದರೆ, ಕೊಡ ತುಂಬಿಕೊಂಡು ಬರುವಷ್ಟರಲ್ಲಿ ಅತ್ತೆಯ ಬೈಗುಳ ಒಂದು ಸುತ್ತು ಮುಗಿದಿರುತ್ತಿತ್ತಂತೆ.

ಸಾವ್ಕಾರರು ಚಹಾದ ಕಪ್ಪನ್ನು ಕೆಳಗಿಟ್ಟರು. ಅವರಿಗೂ ನೆನಪು ಬಂದಿತ್ತು. ಅವರ ತಂದೆ ದೇವರನ್ನು ಹೊತ್ತ ವರ್ಷ ಅವರು ಚಡ್ಡಿ ಹಾಕುವ ಹುಡುಗ. ಊದಿನಕಡ್ಡಿ ಹಿಡಿದುಕೊಂಡು ತಂದೆಯ ಹಿಂದೆ ನಡೆದಿದ್ದರು. ಯಾರೂ ಹೇಳದಿದ್ದರೂ ಅವರೂ ಇಳಿದರು. ಶೆಟ್ಟೆವ್ವ ನಿಂತಲ್ಲಿಂದ ತುಸು ಮೇಲೆ, ಅಂದು ತಂದೆ ದೇವರನ್ನು ತಂದಿಟ್ಟ ಬಂಡೆಯನ್ನು ಕೈಯಿಂದ ಮುಟ್ಟಿ ನೋಡಿ, ಅಲ್ಲೇ ನಿಂತರು. ಹತ್ತೊಂಬತ್ತರ ಹೊಳೆ ಇಳಿದ ಮೇಲೆ ಹಲಗಿಯವರನ್ನು ಕರೆಸಿ, ಮುಂದೆ ನಿಂತು ದೇವರನ್ನು ಮೇಲಕ್ಕೆ ತರಿಸಿದವನು ದುರ್ಗೇಶ. ಅವನು ಈಗಿನ ಕಟ್ಟೆಯ ಹತ್ತಿರವೇ ಇದ್ದ. ಅವನಿಗೆ ಬೇರೆ ಕಡೆ ಹೋಗುವುದಿರಲಿಲ್ಲ.

ಇಳಿಜಾರಿನ ಮೇಲೆ ಈಗ ನಾಲ್ಕು ಮಂದಿ ನಾಲ್ಕು ಕಾಲದಲ್ಲಿ ನಿಂತಿದ್ದರು. ಶೆಟ್ಟೆವ್ವನಿಗೂ ಸಾವ್ಕಾರರಿಗೂ ನಡುವೆ ಕೈಚಾಚಿ ಎಲೆ ಅಡಿಕೆ ಕೊಡುವಷ್ಟು ಅಂತರ. ಸಾವ್ಕಾರರಿಗೂ ಸಿದ್ರಾಯನಿಗೂ ನಡುವೆ ಒಂದು ದೊಡ್ಡ ಅಂಗಳದಷ್ಟು. ಸಿದ್ರಾಯನಿಂದ ದುರ್ಗೇಶನ ತನಕ ಕೂಗಿ ಮಾತಾಡಬೇಕು.

ಸುಮನ ಕಟ್ಟೆಯನ್ನು ಬಳಸಿ ಮೇಲಕ್ಕೆ ಹೋದಳು. ಗೂಟಗಳ ನಡುವೆ, ಗೋದಾಮಿನ ಬುನಾದಿ ಬೀಳಬೇಕಾಗಿದ್ದ ಜಾಗದಲ್ಲಿ ನಿಂತಳು.

ಸಾವ್ಕಾರರು ಕೆಳಗಿನಿಂದ ಕೇಳಿದರು: "ತಂಗಿ, ನೀ ಯಾಕ ಅಲ್ಲಿ ನಿಂತಿ?"

"ಮುಂದಿನ ಸಲ ಹಣಮಪ್ಪನ್ನ ಎಲ್ಲಿ ಇಡ್ತೀರಿ ಅಂತ ನೋಡಾಕ ನಿಂತೇನ್ರಿ, ಅಧ್ಯಕ್ಷರ."

ಯಾರೂ ನಗಲಿಲ್ಲ. ದುರ್ಗೇಶ ಕೂಡ ಒಮ್ಮೆ ಕೆಳಗೆ ನೋಡಿದ, ಒಮ್ಮೆ ಹಿಂದಿರುಗಿ ಗೂಟಗಳನ್ನು ನೋಡಿದ.

ಸಾವ್ಕಾರರು ಮೇಲೆ ಏರಿ ಬಂದರು. ಸಿದ್ರಾಯನ ತನಕ ಸರಾಗವಾಗಿ ಬಂದರು. ಅಲ್ಲಿಂದ ಕಟ್ಟೆಯ ತನಕ ಬರುವಾಗ ನಡುವೆ ನಿಂತು ಉಸಿರು ತಗೊಂಡರು. ಆ ನಿಂತದ್ದೇ ಅವರಿಗೆ ಎಲ್ಲವನ್ನೂ ಹೇಳಿತು ಎಂದು ಕಾಣುತ್ತದೆ. ಗೂಟದ ಹತ್ತಿರ ಬಂದು, ನೀರು ಇಲ್ಲಿಗೆ ಬರುವುದು ಖರೆಯೇ ಎಂದು ಕೇಳಿದರು. ಈ ಸಲ ಅವರ ದನಿಯಲ್ಲಿ ಸವಾಲಿರಲಿಲ್ಲ.

ಹೌದೆಂದು ಬಿಟ್ಟಿದ್ದರೆ ಅವತ್ತೇ ಕೆಲಸ ಆಗುತ್ತಿತ್ತು. ಸುಮನ ಹಾಗೆ ಹೇಳಲಿಲ್ಲ. "ಯಾವ ವರ್ಷ ಬರತೈತಿ ಅಂತ ನನಗ ಗೊತ್ತಿಲ್ರಿ. ನಿಮ್ಮ ಕಾಲಕ್ಕ ಬರಲಿಕ್ಕೂ ಇಲ್ಲ. ಬರೂದ ಇಲ್ಲ ಅಂತ ಹೇಳಾಕ ಮಾತ್ರ ನನ್ನ ಕಡೆ ಆಗೂದಿಲ್ಲ. ಅರಿಷಿಣ ಇಡೋ ಮಂದಿ ನನ್ನ ಕೇಳೂದಿಲ್ರಿ, ನಿಮ್ಮನ್ನ ಕೇಳತಾರ."

ಸಾವ್ಕಾರರು ಚಪ್ಪಲಿಯ ಕೆಸರು ಕೊಡವಿ ಹೊರಟು ಹೋದರು. ಸಭೆ ಹಾಗೇ ಮುರಿಯಿತು.

ಆಮೇಲಿನ ದಿನಗಳು ಸುಮನಳಿಗೆ ಸುಲಭದವಾಗಿರಲಿಲ್ಲ. ತಂದೆಯ ಹೆಸರಿಗೆ ಕೊಟ್ಟ ದಾನವನ್ನು ಒಲ್ಲೆ ಎಂದಂತಾಯಿತು ಎಂದು ಅಂಗಡಿ ಕಟ್ಟೆಯಲ್ಲಿ ಮಾತು ಹಬ್ಬಿತು. ಸಾವ್ಕಾರರು ಕಚೇರಿಯ ಕಡೆ ಬರಲಿಲ್ಲ. ಅವರ ಹೊಲದಲ್ಲಿ ದುಡಿದ ಕಾಡವ್ವನಿಗೆ ಒಳಗೊಳಗೇ ಅಂಜಿಕೆ. ದೊಡ್ಡವರ ಮನಸ್ಸು ಮುರಿದೆಯೇನೋ ಎಂದಳು. ಸತ್ಯಪ್ಪ ಮಾತ್ರ, ಮಗಳು ಸುಳ್ಳು ಹೇಳಿಲ್ಲವಲ್ಲ ಎಂದು ಹೆಂಡತಿಯ ಬಾಯಿ ಮುಚ್ಚಿಸಿದ. ಸುಮನ ಬೆಳಗಾವಿಯ ಹಳೆಯ ಕಚೇರಿಗೆ ಫೋನು ಹಚ್ಚಬೇಕೆಂದು ಒಮ್ಮೆ ತೆಗೆದವಳು, ಹಚ್ಚದೆ ಇಟ್ಟಳು.

ಹುಣ್ಣಿಮೆಯ ಮುಂಚಿನ ಸಭೆಗೆ ಸಾವ್ಕಾರರು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು. ಕೈಯಲ್ಲಿ ಒಂದು ಗೂಟವಿತ್ತು, ಮಣ್ಣು ಹತ್ತಿದ್ದು. ಅದನ್ನು ಮೇಜಿನ ಮೇಲಿಟ್ಟರು.

"ನಾನ ಕಿತ್ತೀನಿ," ಎಂದರು. "ನಮ್ಮಪ್ಪನ ಹೆಸರ ನೀರಾಗ ನಿಲ್ಲೂದು ಬ್ಯಾಡ. ಮ್ಯಾಲಿನ ಮಡ್ಡಿ ಹೊಲ ಕೊಡತೇನಿ. ಕಲ್ಲ ಭೂಮಿ. ನಾಕ ಕುರಿ ಬಿಟ್ರ ಅಲ್ಲಿ ಮತ್ತೇನೂ ಆಗೂದಿಲ್ಲ, ಆದ್ರ ಗೋದಾಮ ನಿಲ್ಲತೈತಿ."

ದುರ್ಗೇಶ ಸುಮ್ಮನೆ ಒಪ್ಪುವ ಪೈಕಿಯಲ್ಲ. ಒಪ್ಪದ್ದೂ ಒಳ್ಳೆಯದೇ ಆಯಿತು, ಯಾಕೆಂದರೆ ಅವನು ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ. ಡಾಂಬರು ರಸ್ತೆ ಬಿಟ್ಟು ಮಡ್ಡಿಯ ಮೇಲೆ ಕಟ್ಟಿದರೆ ಚೀಲ ತುಂಬಿದ ಟ್ರಾಕ್ಟರು ಹತ್ತುವುದು ಹೇಗೆ? ರೈತರು ಬೇಸತ್ತು ದಲಾಲರ ಕಡೆಗೇ ಹೋದರೆ? ಉತ್ತರ ಹೊಳೆದದ್ದು ಸಿದ್ರಾಯನಿಗೆ. ಇಷ್ಟು ವರ್ಷ ಹಳೇ ಬಸ್ಸನ್ನು ಮಂದಿಯ ಸಮೇತ, ಮಂದಿಯ ಕೋಳಿಯ ಸಮೇತ ಏರು ಹತ್ತಿಸಿದವನು ತಾನು. ಮಡ್ಡಿಗೆ ನೆಟ್ಟಗೆ ದಾರಿ ಮಾಡಬಾರದು, ಹಾವಿನ ಹಾಗೆ ಸುತ್ತಿಸಿ ಮಾಡಬೇಕು. ಎಲ್ಲಿ ಸುತ್ತಬೇಕೆಂದು ತಾನೇ ನಿಂತು ತೋರಿಸುತ್ತೇನೆ ಎಂದ. ನಿದ್ದೆಯ ಸಿದ್ರಾಯ ಎಂದು ಹೆಸರಾದವನು ಅವತ್ತಿನಿಂದ ಯಾವ ಸಭೆಯಲ್ಲೂ ಕಣ್ಣು ಮುಚ್ಚಲಿಲ್ಲ. ದುರ್ಗೇಶ ಕಡೆಗೆ ಕೈ ಎತ್ತಿದ. ಎಲ್ಲರ ಕೈಯೂ ಮೇಲಿತ್ತು.

ಗೋದಾಮು ಮಡ್ಡಿಯ ಮೇಲೆ ಎದ್ದಿತು. ಸುತ್ತು ದಾರಿಯೂ ಆಯಿತು. ಸುಮನಳ ಹೆಚ್ಚುಗಾರಿಕೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ಗೋದಾಮನ್ನು ಮೇಲಕ್ಕೆ ತರುವುದು ಒಂದು ಸಲದ ಕೆಲಸ. ಹಾಗೆ ನೋಡುವ ಕಣ್ಣನ್ನು ನಿರ್ದೇಶಕರಿಗೆ ತರುವುದು ಬೇರೆ. ಅವಳು ಪ್ರತಿ ಸಭೆಯಲ್ಲೂ ಲೆಕ್ಕಪತ್ರದ ಮೊದಲು ಒಂದೇ ಪ್ರಶ್ನೆ ಇಡುತ್ತಿದ್ದಳು: ಈ ಋತುವಿನಲ್ಲಿ ಏನು ಮೊದಲಿನ ಹಾಗಿಲ್ಲ? ಮೊದಮೊದಲು ಅವಳೇ ಕೇಳಬೇಕಿತ್ತು. ಆಮೇಲೆ ಕುರ್ಚಿ ಎಳೆದುಕೊಳ್ಳುವ ಮೊದಲೇ ಅವರು ಹೇಳತೊಡಗಿದರು. ಬಾವಿಯ ನೀರು ಯಾವಾಗ ತಳ ಕಂಡಿತು, ಅರಿಷಿಣದ ಗಡ್ಡೆಗೆ ಕೊಳೆರೋಗ ಯಾವ ಕಡೆಯ ಹೊಲದಲ್ಲಿ ಮೊದಲು ಬಂತು, ಇಬ್ಬನಿ ಎಷ್ಟು ತಡವಾಯಿತು, ಎಲ್ಲವೂ ಮೇಜಿನ ಮೇಲೆ ಬಂದು ಬೀಳುತ್ತಿತ್ತು.

ಶೆಟ್ಟೆವ್ವ ಒಮ್ಮೆ ಬಿಸಿಲಿನ ಮಾತು ಎತ್ತಿದಳು. ಮೊದಲು ಕುದಿಸುವ ಹೆಂಗಸರು ಮಧ್ಯಾಹ್ನದ ತನಕ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದರು. ಈಗಿನ ಬಿಸಿಲಿಗೆ ನಿಂತಲ್ಲೇ ತಲೆ ತಿರುಗಿ ಬೀಳುತ್ತಾರೆ ಎಂದಳು. ಆಗ ದುರ್ಗೇಶನೇ ಎದ್ದು, ಬೆಳಕು ಹರಿಯುವ ಹೊತ್ತಿಗೆ ಕುದಿಸಲು ಹಚ್ಚಿ ಬಿಸಿಲೇರುವ ಮೊದಲು ಮುಗಿಸಬೇಕು, ಪಗಾರ ಮಾತ್ರ ಇಡೀ ದಿನದ್ದೇ ಕೊಡಬೇಕು ಎಂದು ಠರಾವು ಹೇಳಿದ. ಅದನ್ನು ಕೇಳಿ ಸುಮನ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಂತೆ ನಟಿಸಿದಳಂತೆ. ಆ ಕೊಪ್ಪರಿಗೆಗಳ ಮುಂದೆ ಅವಳ ತಾಯಿಯ ವಾರಗೆಯವರೇ ನಿಲ್ಲುತ್ತಿದ್ದರು.

ಸುದ್ದಿ ಮೂಡಲಗಿಗೆ ಹೋಯಿತು, ಗೋಕಾಕಕ್ಕೆ ಹೋಯಿತು. ಹೋದ ಬೇಸಿಗೆಯಲ್ಲಿ ನಿಡಸೋಸಿಯಲ್ಲಿ ಬೆಳೆಗಾರರ ಕಂಪನಿಗಳ ನಿರ್ದೇಶಕರೆಲ್ಲ ಕೂಡಿದರು. ಹುಕ್ಕೇರಿ ಕಡೆಯವರೇ ಹೆಚ್ಚು. ಮಾತಾಡಲು ಸುಮನಳನ್ನು ಕರೆದಿದ್ದರು. ಅವಳು ತನ್ನ ನಿರ್ದೇಶಕರನ್ನೇ ಕರೆದುಕೊಂಡು ಹೋಗಿ, ವೇದಿಕೆಯ ಮೇಲೆ ಅವರನ್ನು ಕೂಡಿಸಿ, ತಾನು ಮುಂದಿನ ಸಾಲಿನ ತುದಿಯಲ್ಲಿ ಕುಳಿತಳು. ಕಾಡವ್ವನೂ ಶೆಟ್ಟೆವ್ವನ ಜೊತೆ ಬಂದಿದ್ದಳು, ಹೊಸ ಇಳಕಲ್ ಸೀರೆ ಉಟ್ಟು.

ಸಾವ್ಕಾರರು ಮಾತಾಡಿದರು. ಒಮ್ಮೆಲೇ ಸುರಿಯುವ ಮಳೆಯ ಮಾತು, ಘಟ್ಟದ ನೀರಿನ ಮಾತು, ಹಿಂದೆ ಬಂದ ನೀರನ್ನು ನೋಡಿ ಮುಂದಿನ ನೀರನ್ನು ಅಳೆಯಬಾರದೆಂಬ ಮಾತು. ಪರದೆ ಕಟ್ಟಿದ ದಿನ ಸುಮನ ಹೇಳಿದ್ದೇ ಎಲ್ಲ; ಆದರೆ ಈಗ ಅವು ಸಾವ್ಕಾರರ ಸ್ವಂತ ಮಾತಾಗಿದ್ದವು, ಅವರ ಹೊಲದ ಬೆಳೆಯ ಹಾಗೆ. ಸುಮನಳಿಗೆ ಅದಕ್ಕಿಂತ ದೊಡ್ಡ ಹಾರ ಬೇಕಿರಲಿಲ್ಲ. ಹುಕ್ಕೇರಿ ಕಡೆಯ ಒಬ್ಬ ನಿರ್ದೇಶಕ ಎದ್ದು ನಿಂತು, ಆ ಬಿಟ್ಟ ಜಾಗಕ್ಕೆ ಆಮೇಲೆ ನೀರು ಬಂತೇನ್ರಿ ಎಂದು ಕೇ‌ಳಿದ.

"ಇನ್ನೂ ಬಂದಿಲ್ರಿ. ಬರೂದೂ ಬ್ಯಾಡ," ಎಂದರು ಸಾವ್ಕಾರರು. "ನಾವು ಖರೆ ಅನ್ನಿಸಿಕೊಳ್ಳಾಕ ಅದನ್ನ ಮ್ಯಾಲ ಕಟ್ಟಿಲ್ಲ. ಮಂದಿ ನಂಬಿ ಇಟ್ಟದ್ದನ್ನ ಕಾಯಾಕ ಕಟ್ಟೇವಿ."

ಊಟದ ಹೊತ್ತಿಗೆ ಹುಕ್ಕೇರಿಯವರು ಸುಮನಳನ್ನು ಸುತ್ತಿಕೊಂಡು, ನಮ್ಮೂರಿಗೂ ಬರ್ರಿ, ನಮ್ಮ ಹಳ್ಳದ ದಂಡೆಗೂ ಬರ್ರಿ ಎಂದು ಕರೆಯುತ್ತಿದ್ದರು. ಅವಳು ತಾಟು ಕೈಯಲ್ಲಿ ಹಿಡಿದುಕೊಂಡೇ, ನಿಮ್ಮೂರಲ್ಲಿ ಹಳೆಯ ಕಾಲದ ನೀರಿನ ನೆನಪಿದ್ದವರು ಯಾರಿದ್ದಾರೆ, ಮೊದಲು ಅವರನ್ನು ಭೇಟಿ ಮಾಡಿಸಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಸಾರು ಆರಿ ತಣ್ಣಗಾಗಿತ್ತು.

ಪಂಕ್ತಿಯಲ್ಲಿ ಕಾಡವ್ವನ ಬಾಜೂ ಕುಳಿತ ಅನ್ನಪೂರ್ಣಾ ಎಂಬ ಹೆಂಗಸು, ಅಷ್ಟು ಮಂದಿ ಗಂಡಸರ ನಡುವೆ ನಿಂತ ಆ ಹುಡುಗಿ ಯಾರು, ಸಾಲಿ ಕಲಿಸುವ ಬಾಯಾರೇನು ಎಂದು ಕೇಳಿದಳು.

ಕಾಡವ್ವ ಬಾಯಲ್ಲಿದ್ದ ತುತ್ತನ್ನು ಸಾವಕಾಶವಾಗಿ ನುಂಗಿದಳು. ಅವಸರವೇನೂ ಇರಲಿಲ್ಲ ಅವಳಿಗೆ.

"ಹೌದವ್ವಾ, ದೊಡ್ಡಮಂದಿಗೆ ಸಾಲಿ ಕಲಸತಾಳ," ಎಂದಳು. "ನನ್ನ ಮಗಳು."